‘ಎಷ್ಟು ಬಂತು ಸಾರ್?’

ಭೂಮಿ ನಡುಗಿದ ಸ್ವಲ್ಪ ಹೊತ್ತಿಗೇ ಫೋನು ಶುರು. ‘ಎಷ್ಟು ಬಂತು ಸಾರ್, ರಿಕ್ಟರ್‌ನಲ್ಲಿ?’ ಎಲ್ಲರಿಗೂ ಬೇಕಿರುವುದು ಒಂದೇ ಅಂಕಿ. ನನ್ನ ಮುಂದೆ ಆಗ ಇರುವುದು ಮೂರು ಸೊಟ್ಟ ಗೆರೆಗಳು. ಆ ಅಂಕಿ ಅವುಗಳಿಂದ ಕೊನೆಗೆ ಹೊರಡುವ ಸಂಗತಿ.

ಅಳತೆಯಲ್ಲೇ ಒಂದು ಪೇಚಿದೆ. ನೆಲ ಎಷ್ಟು ಅಲುಗಿತು ಅಂತ ನೋಡಬೇಕಾದ ಯಂತ್ರವೂ ಅದೇ ನೆಲದ ಮೇಲೆ ಕೂತಿದೆ. ಅದಕ್ಕೇ ಒಳಗೊಂದು ತೂಕವನ್ನು ತೂಗುಹಾಕಿರುತ್ತಾರೆ. ನೆಲ ಸರಕ್ಕನೆ ಸರಿದರೂ ತೂಕ ಇದ್ದಲ್ಲೇ ಇರಲು ನೋಡುತ್ತದೆ. ಹಿಂದೆ ಅದಕ್ಕೆ ಮುಳ್ಳು ಕಟ್ಟಿ, ತಿರುಗುವ ಉರುಳೆಯ ಕಾಗದದ ಮೇಲೆ ಗೀಚಿಸುತ್ತಿದ್ದರು. ಈಗಿನ ಯಂತ್ರ ತೂಕವನ್ನು ತನ್ನೊಳಗೆ ಓಲಾಡಲು ಬಿಡುವುದೇ ಇಲ್ಲ, ವಿದ್ಯುತ್ ಸುರುಳಿಯಿಂದ ಹಿಡಿದಿಡುತ್ತದೆ. ಹಿಡಿಯಲು ಎಷ್ಟು ಕರೆಂಟ್ ಬೇಕಾಯಿತೋ ಅದೇ ನಮ್ಮ ಗೆರೆ. ಮೇಲೆ-ಕೆಳಗೆ, ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ, ಹೀಗೆ ಮೂರು. ಸಮಯ ಜಿಪಿಎಸ್‌ನಿಂದ ಬರುತ್ತದೆ. ಗಡಿಯಾರ ಒಂದು ಸೆಕೆಂಡ್ ತಪ್ಪಿದರೂ ಕಂಪನದ ಜಾಗ ಕಿಲೋಮೀಟರ್‌ಗಟ್ಟಲೆ ಆಚೆ ಹೋಗಬಹುದು.

ಮೊದಲು ಬರುವುದು ಪಿ ಅಲೆ. ಕಲ್ಲನ್ನು ಹಿಂಡುತ್ತ, ಬಿಡುತ್ತ, ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಹಿಂದೆಯೇ ಎಸ್ ಅಲೆ, ಅಡ್ಡಡ್ಡ ಕುಲುಕುತ್ತ, ಸುಮಾರು 3.5 ಕಿ.ಮೀ. ವೇಗದಲ್ಲಿ. ಹತ್ತಿರದ ಕಂಪನಗಳಿಗೆ ನಮ್ಮದೊಂದು ಕೈಲೆಕ್ಕವಿದೆ: ಎರಡರ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿ. 20 ಸೆಕೆಂಡ್ ಅಂದರೆ 160 ಕಿ.ಮೀ. ದೂರ ಸಿಕ್ಕಿತು, ದಿಕ್ಕು ಸಿಗಲಿಲ್ಲ. ಇಂಥ ಯಂತ್ರವಿರುವ ಮೂರು ಕೇಂದ್ರಗಳಿಂದ ಆಯಾ ದೂರದ ವೃತ್ತ ಎಳೆದರೆ ಅವು ಕೂಡುವ ಕಡೆ ಜಾಗ. ಹೇಳಲು ಸುಲಭ. ಎಸ್ ಅಲೆಯ ಶುರು ಪಿ ಅಲೆಯ ಬಾಲದಲ್ಲಿ ಹೂತುಹೋಗಿರುತ್ತದೆ, ಅದೆಲ್ಲಿ ಅಂತ ನಾವು ಈಗಲೂ ಜಗಳಾಡುತ್ತೇವೆ.

ನಾನು ಕಣ್ಣಿಡುವುದು ಪಿ ಅಲೆಯ ಮೊದಲ ಕುಲುಕಿನ ಮೇಲೆ. ಗೆರೆ ಮೊದಲು ಮೇಲಕ್ಕೆ ಹೋಯಿತಾ, ಕೆಳಕ್ಕಾ? ಮೇಲಕ್ಕಾದರೆ ನೆಲವನ್ನು ತಳ್ಳಿದೆ, ಕೆಳಕ್ಕಾದರೆ ಎಳೆದಿದೆ. ಭೂಕಂಪದಲ್ಲಿ ಕಲ್ಲು ಜಾರುವುದರಿಂದ ಕೆಲವು ಕೇಂದ್ರಗಳಲ್ಲಿ ಮೇಲೆ, ಕೆಲವು ಕಡೆ ಕೆಳಗೆ. ಯಾವ ಕಡೆ ಜಾರಿತು ಅನ್ನುವ ಸುಳಿವು ಅಲ್ಲೇ ಇದೆ. ಕ್ವಾರಿಯ ಸ್ಫೋಟ ಎಲ್ಲ ಕಡೆಗೂ ತಳ್ಳುತ್ತದೆ, ಎಸ್ ಅಲೆಯೂ ಸಪ್ಪೆ. ಹಗಲು ಹೊತ್ತಲ್ಲಿ ಬಂದ ಸಣ್ಣ ಕಂಪನವಾದರೆ ನಾನು ಮೊದಲು ಅನುಮಾನಿಸುವುದು ಅದನ್ನೇ.

ಇನ್ನು ಆ ಅಂಕಿ. 1935ರಲ್ಲಿ ರಿಕ್ಟರ್ ಮಾಡಿದ ಲೆಕ್ಕ ಕ್ಯಾಲಿಫೋರ್ನಿಯಾದ್ದು. ಒಂದು ಮೆಟ್ಟಿಲು ಏರಿದರೆ ಗೆರೆಯ ಎತ್ತರ 10 ಪಟ್ಟು, ಶಕ್ತಿ ಸುಮಾರು 32 ಪಟ್ಟು. ದೊಡ್ಡ ಕಂಪನಗಳಿಗೆ ಈಗ ಬಳಸುವುದು ಮೊಮೆಂಟ್ ಮ್ಯಾಗ್ನಿಟ್ಯೂಡ್: ಬಿರುಕು ಎಷ್ಟು ಅಗಲಕ್ಕೆ ಹಬ್ಬಿತು, ಎಷ್ಟು ಜಾರಿತು, ಕಲ್ಲು ಎಷ್ಟು ಗಡುಸು. ಇದಕ್ಕೆ ನಿಧಾನವಾಗಿ ಏರಿಳಿಯುವ ಉದ್ದ ಅಲೆಗಳು ಬೇಕು. ಅವು ಬರುವವರೆಗೆ ಕಾಯಬೇಕು.

ಅಂಕಿ ಬದಲಾದ ಕೂಡಲೇ ‘ಮುಚ್ಚಿಟ್ಟಿದ್ರು, ಅಲ್ವಾ?’ ಅನ್ನುವವರಿದ್ದಾರೆ. 2011ರ ಮಾರ್ಚ್ 11ರ ಜಪಾನ್ ಭೂಕಂಪಕ್ಕೆ ಅಲ್ಲಿನ ಹವಾಮಾನ ಸಂಸ್ಥೆ ಸುಮಾರು 3 ನಿಮಿಷದಲ್ಲಿ ಹೇಳಿದ್ದು 7.9. ಕೊನೆಗೆ ನಿಂತದ್ದು 9.0. ಶಕ್ತಿಯ ಲೆಕ್ಕದಲ್ಲಿ 40 ಪಟ್ಟಿಗೂ ಜಾಸ್ತಿ. ಬೇಗ ಸಿಗುವ ಚುರುಕು ಅಲೆಗಳು ಅಷ್ಟು ದೊಡ್ಡ ಬಿರುಕಿನ ಮುಂದೆ ಒಂದು ಮಟ್ಟಕ್ಕೆ ನಿಂತುಬಿಡುತ್ತವೆ. ಉಳಿದದ್ದು ಇನ್ನೂ ದಾರಿಯಲ್ಲಿತ್ತು.