ಜಿದಾನ್‌ರನ್ನು ಕಟ್ಟಿಹಾಕಿದ ಆ ಸ್ಕಾಟಿಷ್ ಆಟಗಾರ ಆಮೇಲೆ ಎಲ್ಲಿ ಹೋದರು?

ಪ್ರಶ್ನೆ: 1997ರಲ್ಲಿ, ಯುರೋಪಿನ ದೊಡ್ಡ ಫುಟ್‌ಬಾಲ್ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ, ಫ್ರಾನ್ಸ್‌ನ ಜಿದಾನ್‌ಗೆ ಆಡಲು ಬಿಡದೆ ಇದ್ದದ್ದು ಒಬ್ಬ ಸ್ಕಾಟ್ಲೆಂಡ್ ಆಟಗಾರ ಅಂತ ಓದಿದ್ದೆ. ಯಾರವರು? ಅಷ್ಟು ಚೆನ್ನಾಗಿ ಆಟ ಗೊತ್ತಿದ್ದವರು ಮುಂದೆ ದೊಡ್ಡ ಕೋಚ್ ಯಾಕೆ ಆಗಲಿಲ್ಲ?

ಉತ್ತರ: ಅವರ ಹೆಸರು ಪಾಲ್ ಲ್ಯಾಂಬರ್ಟ್. ಪ್ರಶ್ನೆಯ ಮೊದಲ ಅರ್ಧ ಸುಲಭ. ಎರಡನೇ ಅರ್ಧದ ಬಗ್ಗೆ ನನ್ನದೊಂದು ತಕರಾರಿದೆ. ಮೂರು ವರ್ಷಗಳ ಮಟ್ಟಿಗೆ ಅವರು ಇಂಗ್ಲೆಂಡಿನ ಅತ್ಯುತ್ತಮ ಮ್ಯಾನೇಜರ್‌ಗಳಲ್ಲಿ (ಅಲ್ಲಿ ಮುಖ್ಯ ಕೋಚ್‌ಗೆ ಹಾಗೆ ಅನ್ನುತ್ತಾರೆ) ಒಬ್ಬರಾಗಿದ್ದರು. ಅದನ್ನು ಜನ ಮರೆತಿದ್ದಾರೆ ಅಷ್ಟೆ. ಅಲ್ಲಿಗೆ ಬರುತ್ತೇನೆ, ಮೊದಲು ಆಟದ ಕಥೆ ಹೇಳಿಬಿಡುತ್ತೇನೆ.

ಗ್ಲಾಸ್ಗೋ ಪಕ್ಕದಲ್ಲಿ ಪೈಸ್ಲಿ ಅನ್ನೋ ಊರಿದೆ. ಅದರ ಮಗ್ಗುಲಲ್ಲೇ ಲಿನ್‌ವುಡ್. ಅಲ್ಲೊಂದು ದೊಡ್ಡ ಕಾರು ಕಾರ್ಖಾನೆ ಇತ್ತು. 1981ರಲ್ಲಿ ಅದಕ್ಕೆ ಬೀಗ ಬಿತ್ತು, ಊರಿಗೆ ಊರೇ ಕೆಲಸ ಕಳೆದುಕೊಂಡಿತು. 1969ರಲ್ಲಿ ಹುಟ್ಟಿದ ಲ್ಯಾಂಬರ್ಟ್ ಬೆಳೆದದ್ದು ಆ ಊರಲ್ಲಿ. ಹದಿಹರೆಯದಲ್ಲೇ ಪೈಸ್ಲಿಯ ಸೇಂಟ್ ಮಿರೆನ್ ಕ್ಲಬ್ ಸೇರಿದರು. 17ನೇ ವಯಸ್ಸಿಗೆ, 1987ರಲ್ಲಿ, ಸ್ಕಾಟಿಷ್ ಕಪ್ ಗೆದ್ದ ತಂಡದಲ್ಲಿದ್ದರು. ಇಷ್ಟು ಬೇಗ ಕಪ್ ಸಿಕ್ಕಿತಲ್ಲ, ಇನ್ನೇನು ದೊಡ್ಡ ಕ್ಲಬ್‌ಗಳು ಬಾಗಿಲು ತಟ್ಟುತ್ತವೆ ಅಂತ ಯಾರಾದರೂ ಅಂದುಕೊಳ್ಳಬೇಕು. ಯಾರೂ ತಟ್ಟಲಿಲ್ಲ. 1993ರಲ್ಲಿ ಮದರ್‌ವೆಲ್‌ಗೆ ಹೋದರು. ಅದೂ ಚಿಕ್ಕ ಕ್ಲಬ್ಬೇ. 1994ರಲ್ಲಿ ಯುರೋಪಿನ ಕ್ಲಬ್‌ಗಳ ಇನ್ನೊಂದು ಟೂರ್ನಿಯಾದ ಯುಇಎಫ್ಎ ಕಪ್‌ನಲ್ಲಿ ಮದರ್‌ವೆಲ್‌ಗೆ ಎದುರಾಳಿಯಾಗಿ ಸಿಕ್ಕಿದ್ದು ಜರ್ಮನಿಯ ಬೊರುಸಿಯಾ ಡಾರ್ಟ್ಮಂಡ್. ಎರಡೂ ಪಂದ್ಯ ಸೋತರು. ಆದರೆ ಆ ಹೆಸರು ನೆನಪಿಟ್ಟುಕೊಳ್ಳಿ.

ಇಲ್ಲಿ ಕಾನೂನಿನ ವಿಷಯ ಒಂದು ಸ್ವಲ್ಪ ಹೇಳಬೇಕು. ಆಗೆಲ್ಲ ಆಟಗಾರನ ಒಪ್ಪಂದ ಮುಗಿದರೂ ಅವನು ಕ್ಲಬ್ಬಿನ ಸ್ವತ್ತಿನ ಹಾಗೇ ಇರುತ್ತಿದ್ದ. ಬೇರೆ ಕಡೆ ಹೋಗಬೇಕಾದರೆ ಹೊಸ ಕ್ಲಬ್ ಹಳೆಯದಕ್ಕೆ ದುಡ್ಡು ಕೊಡಬೇಕಿತ್ತು. ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್ ಅನ್ನುವ ಆಟಗಾರ ಇದರ ವಿರುದ್ಧ ಕೋರ್ಟಿಗೆ ಹೋದರು. 1995ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದವನು ಯುರೋಪಿನ ಒಕ್ಕೂಟದ ಇನ್ನೊಂದು ದೇಶದ ಕ್ಲಬ್‌ಗೆ ಪುಕ್ಕಟೆ ಹೋಗಬಹುದು ಅಂತಾಯಿತು. ಆರೇ ತಿಂಗಳಲ್ಲಿ ಲ್ಯಾಂಬರ್ಟ್ ಒಪ್ಪಂದ ಮುಗಿಯಿತು. ಬೋಸ್ಮನ್ ಇಲ್ಲದಿದ್ದರೆ ಈ ಕಥೆಯೇ ಇಲ್ಲ.

ಆಗ ಅವರಿಗೆ 27 ತುಂಬುತ್ತಾ ಬಂದಿತ್ತು. ಆ ವಯಸ್ಸಲ್ಲಿ ಶಾಲೆ ಹುಡುಗನ ಹಾಗೆ ಟ್ರಯಲ್ಸ್‌ಗೆ ಹೋಗುವುದು ಅಂದರೆ ಹೇಗಿರುತ್ತೆ, ಯೋಚನೆ ಮಾಡಿ. ಮೊದಲು ನೆದರ್ಲೆಂಡ್ಸ್‌ನ ಪಿಎಸ್‌ವಿಗೆ ಹೋದರು, ಕೆಲಸ ಆಗಲಿಲ್ಲ. ಆಮೇಲೆ ಡಾರ್ಟ್ಮಂಡ್. ಆಗ ಆ ತಂಡ ಸತತ ಎರಡು ವರ್ಷ ಜರ್ಮನಿಯ ಲೀಗ್ ಗೆದ್ದಿತ್ತು. ಲ್ಯಾಂಬರ್ಟ್‌ಗೆ ಜರ್ಮನ್ ಭಾಷೆ ಬರುತ್ತಿರಲಿಲ್ಲ. ಆದರೂ ಕೋಚ್ ಓಟ್ಮಾರ್ ಹಿಟ್ಸ್‌ಫೆಲ್ಡ್ ಕರೆದು ಒಪ್ಪಂದ ಕೊಟ್ಟರು. ಸ್ಕಾಟ್ಲೆಂಡಿನಲ್ಲಿ ಮುಂದೆ ನುಗ್ಗಿ ಆಡುತ್ತಿದ್ದವರನ್ನು ಹಿಂದಕ್ಕೆ ಎಳೆದು, ಡಿಫೆಂಡರ್‌ಗಳ ಮುಂದೆ ನಿಲ್ಲಿಸಿದರು. ಅಲ್ಲಿ ಮೆರೆಯುವ ಕೆಲಸ ಇಲ್ಲ, ಕಾಯುವ ಕೆಲಸ. ಲ್ಯಾಂಬರ್ಟ್‌ಗೆ ಅದು ಕೈಗವಸಿನಷ್ಟು ಸರಿಯಾಗಿ ಹೊಂದಿಕೊಂಡಿತು.

ಆ ವರ್ಷ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಅವರು ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಎರಡೂ ಪಂದ್ಯಗಳಲ್ಲಿ 1-0 ಅಂತರದಿಂದ ಸೋಲಿಸಿದರು. ಫೈನಲ್ 1997ರ ಮೇ 28ರಂದು, ಮ್ಯೂನಿಕ್‌ನ ಒಲಿಂಪಿಕ್ ಸ್ಟೇಡಿಯಂನಲ್ಲಿ. ಎದುರಾಳಿ ಇಟಲಿಯ ಯುವೆಂಟಸ್. ಹಿಂದಿನ ವರ್ಷದ ಚಾಂಪಿಯನ್ನರು. ಜಿದಾನ್, ದೆಷಾಂಪ್ಸ್, ವಿಯೇರಿ, ಬೆಂಚಿನ ಮೇಲೆ ಡೆಲ್ ಪಿಯೆರೊ. ಡಾರ್ಟ್ಮಂಡ್ ಗೆಲ್ಲುತ್ತದೆ ಅಂದವರು ಕಡಿಮೆ.

ಲ್ಯಾಂಬರ್ಟ್‌ಗೆ ಕೊಟ್ಟ ಕೆಲಸ ಒಂದೇ: ಜಿದಾನ್. ಹೇಳುವುದು ಸುಲಭ. ಜಿದಾನ್ ಚೆಂಡು ತೆಗೆದುಕೊಳ್ಳುವುದು ಹೆಚ್ಚಾಗಿ ಗೋಲಿಗೆ ಬೆನ್ನು ಹಾಕಿ. ಚೆಂಡನ್ನು ಬೂಟಿನ ಅಡಿಯಲ್ಲಿ ಹೊರಳಿಸಿ, ಹಾಗೇ ಒಂದು ಸುತ್ತು ತಿರುಗಿ ಮುಂದಕ್ಕೆ ಬಂದುಬಿಟ್ಟರೆ ಮುಗಿಯಿತು, ಆಮೇಲೆ ಹಿಡಿಯೋಕೆ ಆಗಲ್ಲ. ಆತುರಪಟ್ಟು ಕಾಲು ಹಾಕಿದರೆ ಇನ್ನೂ ಒಳ್ಳೆಯದಾಯಿತು ಅಂತ ಪಕ್ಕದಿಂದ ಜಾರಿಕೊಳ್ಳುತ್ತಾರೆ. ಹಾಗಾಗಿ ಚೆಂಡು ಬರುವುದಕ್ಕೆ ಮೊದಲೇ ಅವರ ಬೆನ್ನಿಗೆ ಒಂದು ತೋಳಿನಷ್ಟು ದೂರದಲ್ಲಿ ಇರಬೇಕು. ಚೆಂಡು ಕಿತ್ತುಕೊಳ್ಳಲೇಬೇಕು ಅಂತಿಲ್ಲ. ತಿರುಗಲು ಬಿಡಬಾರದು, ಅಷ್ಟೆ. ತಿರುಗಲಾಗದೆ ಅವರು ಹಿಂದಕ್ಕೋ ಪಕ್ಕಕ್ಕೋ ಪಾಸ್ ಕೊಟ್ಟರೆ ಅದೇ ನಿಮ್ಮ ಗೆಲುವು. ಇದನ್ನು 90 ನಿಮಿಷ ಮಾಡಬೇಕು. ಯಾರೂ ಚಪ್ಪಾಳೆ ತಟ್ಟಲ್ಲ. ಗಲ್ಲಿ ಆಟದಲ್ಲಿ ಈ ಕೆಲಸ ಯಾರ ತಲೆಗೆ ಕಟ್ಟುತ್ತಿದ್ದರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾನೇ ಆ ಹುಡುಗ.

ಇದರ ನಡುವೆ ಲ್ಯಾಂಬರ್ಟ್ ಇನ್ನೊಂದು ಕೆಲಸವನ್ನೂ ಮಾಡಿದರು. 29ನೇ ನಿಮಿಷ. ಬಲಗಡೆಯಿಂದ ಅವರು ಎತ್ತಿ ಹಾಕಿದ ಕ್ರಾಸ್ ದೂರದ ಕಂಬದ ಕಡೆ ಹೋಯಿತು. ಡಾರ್ಟ್ಮಂಡ್‌ನ ಕಾರ್ಲ್-ಹೈಂಜ್ ರೀಡ್ಲೆ ಅದನ್ನು ಎದೆಯಲ್ಲಿ ಇಳಿಸಿಕೊಂಡು ಒಳಗೆ ಹೊಡೆದರು. ಐದು ನಿಮಿಷ ಬಿಟ್ಟು ಮೋಲರ್ ಕಾರ್ನರ್‌ಗೆ ರೀಡ್ಲೆಯದೇ ಹೆಡರ್. 2-0. ಎರಡನೇ ಅರ್ಧದಲ್ಲಿ ಡೆಲ್ ಪಿಯೆರೊ ಹಿಮ್ಮಡಿಯಲ್ಲಿ ಒಂದು ಚೆಂದದ ಗೋಲು ಹೊಡೆದರು. ಆಗ ಹಿಟ್ಸ್‌ಫೆಲ್ಡ್ 20 ವರ್ಷದ ಲಾರ್ಸ್ ರಿಕೆನ್‌ನನ್ನು ಇಳಿಸಿದರು. ಹುಡುಗ ಮೈದಾನಕ್ಕೆ ಬಂದು ಮೊದಲ ಸಲ ಚೆಂಡು ಮುಟ್ಟಿದ್ದೇ ದೂರದಿಂದ ಗೋಲ್‌ಕೀಪರ್ ತಲೆ ಮೇಲೆ ಎತ್ತಿ ಹಾಕಿದ. 3-1. ಸಹಜವಾಗಿ ಮರುದಿನ ಎಲ್ಲರ ಬಾಯಲ್ಲೂ ರಿಕೆನ್, ರೀಡ್ಲೆ. ಬ್ರಿಟನ್ ಹೊರಗಿನ ಕ್ಲಬ್‌ಗೆ ಆಡಿ ಈ ಕಪ್ ಗೆದ್ದ ಮೊದಲ ಬ್ರಿಟಿಷ್ ಆಟಗಾರ ಅನ್ನುವ ದಾಖಲೆ ಮಾತ್ರ ಲ್ಯಾಂಬರ್ಟ್ ಹೆಸರಲ್ಲಿ ಉಳಿಯಿತು.

ಅಲ್ಲೇ ಇದ್ದಿದ್ದರೆ ಏನಾಗುತ್ತಿತ್ತೋ. ಆದರೆ ಕುಟುಂಬಕ್ಕೆ ಊರಿನ ಸೆಳೆತ. ಅದೇ ನವೆಂಬರ್‌ನಲ್ಲಿ ಗ್ಲಾಸ್ಗೋದ ಸೆಲ್ಟಿಕ್ ಸೇರಿದರು. ಆಗ ಅಲ್ಲಿ ಅದೇ ಊರಿನ ಎದುರಾಳಿ ರೇಂಜರ್ಸ್ ಸತತ ಒಂಬತ್ತು ವರ್ಷ ಲೀಗ್ ಗೆದ್ದು ಹತ್ತನೆಯದಕ್ಕೆ ಕೈ ಚಾಚಿತ್ತು. ಸೆಲ್ಟಿಕ್ ಅದನ್ನು ತಪ್ಪಿಸಿತು. 1998ರ ಜನವರಿ 2ರಂದು ರೇಂಜರ್ಸ್ ವಿರುದ್ಧ ಲ್ಯಾಂಬರ್ಟ್ ದೂರದಿಂದ ಬಾರಿಸಿದ ಗೋಲನ್ನು ಸೆಲ್ಟಿಕ್ ಜನ ಇವತ್ತಿಗೂ ಬಿಡದೆ ಹೇಳುತ್ತಾರೆ. ಒಟ್ಟು ನಾಲ್ಕು ಲೀಗ್ ಪ್ರಶಸ್ತಿ, ನಾಯಕತ್ವ, 2003ರಲ್ಲಿ ಯುಇಎಫ್ಎ ಕಪ್ ಫೈನಲ್. ಸೆವಿಲ್ಲಾದ ಆ ಫೈನಲ್‌ನಲ್ಲಿ ಕೋಚ್ ಮೊರಿನೋ ಅವರ ಪೋರ್ಟೊ ಎದುರು ಹೆಚ್ಚುವರಿ ಸಮಯದಲ್ಲಿ 3-2ರಿಂದ ಸೋತರು. ಸ್ಕಾಟ್ಲೆಂಡ್ ಪರ 40 ಪಂದ್ಯ. 1998ರ ವಿಶ್ವಕಪ್‌ನ ಮೊದಲ ಪಂದ್ಯ ಬ್ರೆಜಿಲ್–ಸ್ಕಾಟ್ಲೆಂಡ್ ನೆನಪಿದೆಯಾ? ನಮ್ಮಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾಗಿತ್ತು. ರೊನಾಲ್ಡೊ ನೋಡೋಕೆ ಅಂತ ಕೂತವರೆಲ್ಲ ಲ್ಯಾಂಬರ್ಟ್‌ರನ್ನೂ ನೋಡಿದ್ದಾರೆ, ಗೊತ್ತಿಲ್ಲದೆ.

ಈಗ ಕೋಚ್ ವಿಷಯ. ತರಬೇತಿಯ ಲೈಸೆನ್ಸ್ ಅನ್ನು ಅವರು ಜರ್ಮನಿಗೆ ಹೋಗಿ ಮಾಡಿಕೊಂಡರು. ಆಗಿನ ಕಾಲಕ್ಕೆ ಬ್ರಿಟಿಷ್ ಆಟಗಾರರಲ್ಲಿ ಇದು ಅಪರೂಪ. ಆದರೆ ಮೊದಲ ಕೆಲಸ ಕೈಕೊಟ್ಟಿತು. 2005ರಲ್ಲಿ ಲಿವಿಂಗ್‌ಸ್ಟನ್ ಕ್ಲಬ್ ಸೇರಿ, ಸೋಲಿನ ಮೇಲೆ ಸೋಲು ಕಂಡು, 2006ರ ಫೆಬ್ರುವರಿಯಲ್ಲಿ ತಾವೇ ಬಿಟ್ಟರು. ಅಲ್ಲಿಂದ ಇಂಗ್ಲೆಂಡಿನ ನಾಲ್ಕನೇ ಹಂತದ (ಅಲ್ಲಿ ಪ್ರೀಮಿಯರ್ ಲೀಗ್ ಮೊದಲ ಹಂತ, ಉಳಿದವು ಅದರ ಕೆಳಗೆ) ವಿಕಂಬ್ ವಾಂಡರರ್ಸ್. ಆ ಚಿಕ್ಕ ತಂಡವನ್ನು ಅವರು ಲೀಗ್ ಕಪ್ ಸೆಮಿಫೈನಲ್‌ವರೆಗೆ ಕರೆದೊಯ್ದರು. 2007ರ ಜನವರಿಯಲ್ಲಿ ಮೊರಿನೋ ಅವರ ಚೆಲ್ಸಿಯನ್ನು ತಮ್ಮೂರಲ್ಲಿ 1-1ಕ್ಕೆ ತಡೆದರು. ಎರಡನೇ ಪಂದ್ಯದಲ್ಲಿ 4-0 ಸೋಲು, ಅದು ಬೇರೆ ಮಾತು.

2008ರಲ್ಲಿ ಮೂರನೇ ಹಂತದ ಕಾಲ್ಚೆಸ್ಟರ್. ಮುಂದಿನ ವರ್ಷದ ಮೊದಲ ಪಂದ್ಯ, 2009ರ ಆಗಸ್ಟ್ 8, ನಾರ್ವಿಚ್ ಸಿಟಿಯ ಊರಲ್ಲಿ. ನಾರ್ವಿಚ್ ದೊಡ್ಡ ಕ್ಲಬ್, ಆಗಷ್ಟೇ ಮೂರನೇ ಹಂತಕ್ಕೆ ಜಾರಿತ್ತು. ಬಿಸಿಲಿನ ಮಧ್ಯಾಹ್ನ, ತುಂಬಿದ ಸ್ಟೇಡಿಯಂ, ಹೊಸ ಆಸೆ. ಅರ್ಧ ಆಟ ಮುಗಿಯುವಷ್ಟರಲ್ಲಿ 5-0. ಮುಂದಿದ್ದದ್ದು ಕಾಲ್ಚೆಸ್ಟರ್! ಅಭಿಮಾನಿಗಳು ವರ್ಷದ ಟಿಕೆಟ್ ತಂದು ಮೈದಾನದೊಳಗೆ ಎಸೆದರು. ಕೊನೆಗೆ 7-1. ವಾರ ತುಂಬುವ ಮೊದಲೇ ನಾರ್ವಿಚ್ ತನ್ನ ಮ್ಯಾನೇಜರ್‌ರನ್ನು ಕಳಿಸಿತು. ಪಂದ್ಯ ಆಗಿ ಹತ್ತು ದಿನಕ್ಕೆ ಹೊಸಬರ ಹೆಸರು ಬಂತು: ಪಾಲ್ ಲ್ಯಾಂಬರ್ಟ್. ಹೊಡೆದವರನ್ನೇ ಮನೆಗೆ ಕರೆದು ಕೂರಿಸಿಕೊಂಡ ಹಾಗೆ. ಜನವರಿಯಲ್ಲಿ ಅದೇ ನಾರ್ವಿಚ್ ತಂಡ ಕಾಲ್ಚೆಸ್ಟರ್‌ಗೆ ಹೋಗಿ, ಮಳೆ ಕೆಸರಿನಲ್ಲಿ, 5-0 ಅಂತ ಗೆದ್ದು ಬಂತು.

ಆ ವರ್ಷ 95 ಅಂಕ ಪಡೆದು ನಾರ್ವಿಚ್ ಮೂರನೇ ಹಂತ ಗೆದ್ದಿತು. ಮರುವರ್ಷ ಎರಡನೇ ಹಂತದಲ್ಲಿ ಎರಡನೇ ಸ್ಥಾನ. 2011ರ ಮೇ 2ರಂದು ಪೋರ್ಟ್ಸ್‌ಮತ್‌ನಲ್ಲಿ 1-0 ಗೆಲುವು, ಪ್ರೀಮಿಯರ್ ಲೀಗ್ ಟಿಕೆಟ್ ಕೈಯಲ್ಲಿ. ಎರಡು ವರ್ಷದಲ್ಲಿ ಎರಡು ಮೆಟ್ಟಿಲು. ಮೇಲೆ ಹೋದ ಮೇಲೂ ಅವರು ದೊಡ್ಡ ಹೆಸರುಗಳ ಹಿಂದೆ ಬೀಳಲಿಲ್ಲ. ಕೆಳಗಿನ ಲೀಗ್‌ಗಳಲ್ಲಿ ಆಡಿ ಬಂದ ಹುಡುಗರನ್ನೇ ಕೊಂಡರು. ನಾಯಕ ಗ್ರಾಂಟ್ ಹೋಲ್ಟ್ ಕೂಡ ವರ್ಷಗಟ್ಟಲೆ ಕೆಳಗಿನ ಹಂತಗಳಲ್ಲಿ ಬೆವರು ಹರಿಸಿದವರು. ಪ್ರೀಮಿಯರ್ ಲೀಗ್‌ನಲ್ಲಿ ಆ ವರ್ಷ 15 ಗೋಲು ಹೊಡೆದರು. ನಾರ್ವಿಚ್‌ಗೆ 12ನೇ ಸ್ಥಾನ. ಈ ಮೂರು ವರ್ಷವೇ ನಾನು ಮೊದಲು ಹೇಳಿದ್ದು.

ಆಮೇಲೆ 2012ರಲ್ಲಿ ಆಸ್ಟನ್ ವಿಲ್ಲಾ. ನನ್ನ ಪ್ರಕಾರ ಬಂಡಿ ದಾರಿ ತಪ್ಪಿದ್ದು ಇಲ್ಲಿ. ಹೆಸರು ದೊಡ್ಡದು, ಆದರೆ ಮಾಲೀಕರು ಖರ್ಚು ಇಳಿಸುವ ಹೊತ್ತು. ದುಬಾರಿ ಆಟಗಾರರನ್ನು ಬದಿಗಿಟ್ಟು ಅಗ್ಗದ ಹುಡುಗರನ್ನು ತರಬೇಕಿತ್ತು. ಬೆಲ್ಜಿಯಂನಿಂದ ಕ್ರಿಸ್ಟಿಯನ್ ಬೆಂಟೆಕೆಯನ್ನು ತಂದದ್ದು ಒಳ್ಳೆ ಕಣ್ಣು, ಮೊದಲ ವರ್ಷವೇ 19 ಲೀಗ್ ಗೋಲು. ಆದರೆ ಅದೇ ಡಿಸೆಂಬರ್‌ನಲ್ಲಿ ಚೆಲ್ಸಿ ಎದುರು 8-0 ಸೋಲು. ಜನವರಿಯಲ್ಲಿ ಲೀಗ್ ಕಪ್ ಸೆಮಿಫೈನಲ್‌ನಲ್ಲಿ ನಾಲ್ಕನೇ ಹಂತದ ಬ್ರಾಡ್‌ಫರ್ಡ್ ಎದುರು ಸೋಲು. ಒಂದು ಕಾಲಕ್ಕೆ ವಿಕಂಬ್ ಇಟ್ಟುಕೊಂಡು ದೊಡ್ಡವರನ್ನು ಕಾಡಿಸಿದವರು ಈಗ ಆ ಕಡೆ ನಿಂತಿದ್ದರು. ಎರಡು ವರ್ಷ 15ನೇ ಸ್ಥಾನದಲ್ಲಿ ಉಸಿರು ಹಿಡಿದುಕೊಂಡರು. ಮೂರನೇ ವರ್ಷ 25 ಲೀಗ್ ಪಂದ್ಯಕ್ಕೆ ಬರೀ 12 ಗೋಲು. 2015ರ ಫೆಬ್ರುವರಿಯಲ್ಲಿ ಕೆಲಸ ಹೋಯಿತು.

ಆಮೇಲಿನದು ಬೇಗ ಹೇಳಬಹುದು. ಬ್ಲಾಕ್‌ಬರ್ನ್ ಆರು ತಿಂಗಳು. ವೂಲ್ವ್ಸ್ ಆರು ತಿಂಗಳು, ನಡುವೆ ಲಿವರ್‌ಪೂಲ್ ವಿರುದ್ಧ ಅವರದೇ ಮೈದಾನ ಆನ್‌ಫೀಲ್ಡ್‌ನಲ್ಲಿ ಎಫ್ಎ ಕಪ್‌ನಲ್ಲಿ 2-1 ಗೆಲುವು. 2018ರಲ್ಲಿ ಸ್ಟೋಕ್, ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು. ಎಲ್ಲ ಕಡೆ ಕರೆದದ್ದು ಮನೆಗೆ ಬೆಂಕಿ ಬಿದ್ದ ಮೇಲೆ. ಹೊಸದಾಗಿ ಕಟ್ಟಿ ಅಂತ ಯಾರೂ ಕರೆಯಲಿಲ್ಲ. ಒಂದು ಸಲ ಬೆಂಕಿ ಆರಿಸುವವರು ಅಂತ ಹೆಸರು ಬಿದ್ದರೆ ಬರುವ ಫೋನುಗಳೆಲ್ಲ ಅಂಥವೇ ಅಲ್ವಾ.

ಆದರೆ ಎಲ್ಲ ತಪ್ಪನ್ನೂ ಮಾಲೀಕರ ಮೇಲೆ ಹಾಕಿ ಸುಮ್ನೆ ಕೂರುವುದೂ ಸರಿಯಲ್ಲ. ಲ್ಯಾಂಬರ್ಟ್ ತಂಡಗಳ ಶಕ್ತಿ ಹುಮ್ಮಸ್ಸು, ಓಟ, ಕೊನೆ ನಿಮಿಷದವರೆಗಿನ ಹಟ. ನಮ್ಮನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲ ಅನ್ನುವ ಸಿಟ್ಟು ಆ ಆಟದ ಸೌದೆ. ವಿಕಂಬ್‌ನಲ್ಲಿ, ನಾರ್ವಿಚ್‌ನಲ್ಲಿ ಅದು ರಾಶಿ ಬಿದ್ದಿತ್ತು. ಅವರಿಗೇ ಅದು 27ರಲ್ಲಿ ಟ್ರಯಲ್ಸ್‌ಗೆ ಹೋದಾಗ ಇತ್ತಲ್ಲ. ವಿಲ್ಲಾದಂಥ, ಹಳೇ ವೈಭವ ನೆನೆಯುವ ಕ್ಲಬ್ಬಿನಲ್ಲಿ ಆ ಸೌದೆ ಸಿಗಲಿಲ್ಲ. ಅದರ ಬದಲು ಬೇಕಿದ್ದದ್ದು ಚೆಂಡು ಇಟ್ಟುಕೊಂಡು ನಿಧಾನಕ್ಕೆ ಆಟ ಕಟ್ಟುವ ದಾರಿ. ಅದನ್ನು ಅವರ ತಂಡಗಳಲ್ಲಿ ನಾನು ಜಾಸ್ತಿ ನೋಡಲಿಲ್ಲ.

ಕೊನೆಯ ತಿರುವು ಸ್ವಲ್ಪ ವಿಚಿತ್ರ. 2018ರ ಅಕ್ಟೋಬರ್‌ನಲ್ಲಿ ಅವರು ಇಪ್ಸ್‌ವಿಚ್ ಸೇರಿದರು. ಇಪ್ಸ್‌ವಿಚ್ ಅಂದರೆ ನಾರ್ವಿಚ್‌ನ ಬದ್ಧ ಎದುರಾಳಿ. 2011ರಲ್ಲಿ ಅವರ ಊರಿಗೇ ಹೋಗಿ 5-1ರಿಂದ ಬಡಿದು ಬಂದಿದ್ದದ್ದು ಇದೇ ಲ್ಯಾಂಬರ್ಟ್ ಅವರ ನಾರ್ವಿಚ್. 2019ರ ಫೆಬ್ರುವರಿಯಲ್ಲಿ ಅವರು ಎದುರಾಳಿಯಾಗಿ ನಾರ್ವಿಚ್‌ಗೆ ಬಂದಾಗ 3-0 ಸೋತರು. ಮೈದಾನದ ಪಕ್ಕದ ಗಲಾಟೆಯಲ್ಲಿ ರೆಫರಿ ಅವರಿಗೆ ಕೆಂಪು ಕಾರ್ಡ್ ತೋರಿಸಿ ಹೊರಗೆ ಕಳಿಸಿದರು. ಆ ವರ್ಷ ನಾರ್ವಿಚ್ ಪ್ರೀಮಿಯರ್ ಲೀಗ್‌ಗೆ ಹತ್ತಿತು, ಇಪ್ಸ್‌ವಿಚ್ ಮೂರನೇ ಹಂತಕ್ಕೆ ಇಳಿಯಿತು. ಅವರಿಗೆ 1957ರ ನಂತರ ಆ ಗತಿ ಬಂದಿರಲಿಲ್ಲ. 2021ರ ಫೆಬ್ರುವರಿಯಲ್ಲಿ ಲ್ಯಾಂಬರ್ಟ್ ಅಲ್ಲಿಂದ ಹೊರಬಿದ್ದರು.

ಅವರ ಆಟ ನೋಡಬೇಕು ಅನ್ನಿಸಿದರೆ 1997ರ ಫೈನಲ್ ಪೂರ್ತಿ ಹಾಕಿಕೊಳ್ಳಿ, ಮುಖ್ಯಾಂಶ ಬೇಡ. ಮುಖ್ಯಾಂಶದಲ್ಲಿ ಆ ಕ್ರಾಸ್ ಬಿಟ್ಟರೆ ಅವರು ಕಾಣುವುದೇ ಕಷ್ಟ. ಪೂರ್ತಿ ಪಂದ್ಯದಲ್ಲಿ ಚೆಂಡನ್ನು ಬಿಟ್ಟು ಜಿದಾನ್ ಮೇಲೆ ಕಣ್ಣಿಡಿ. ಅವರ ಬೆನ್ನ ಹಿಂದೆ ಹಳದಿ ಅಂಗಿ ಒಂದು ಸಿಗುತ್ತೆ.