ಜಪಾನಿನ ಮಕ್ಕಳ ಬಾಯಿ ಬಿಡಿಸುವುದು ಹೇಗೆ?

ಪ್ರಶ್ನೆ: ಇಂಗ್ಲಿಷ್ ಸಹಾಯಕ ಶಿಕ್ಷಕಿಯಾಗಿ ಜಪಾನಿಗೆ ಹೊರಟಿದ್ದೇನೆ. ಏನೇ ಕೇಳಿದರೂ ಅಲ್ಲಿನ ಮಕ್ಕಳು ತಲೆ ತಗ್ಗಿಸಿ ಕೂರುತ್ತಾರಂತೆ. ಮಾತಾಡಿಸುವುದು ಹೇಗೆ?

ಉತ್ತರ: ಗಾಬರಿ ಬೇಡ. ಕನ್ನಡ ಬಲ್ಲವರಿಗೆ ಈ ಮಕ್ಕಳ ಕಷ್ಟ ಬೇಗ ಅರ್ಥವಾಗುತ್ತದೆ. ಜಪಾನಿ ಭಾಷೆಯಲ್ಲೂ ಕ್ರಿಯಾಪದ ನಮ್ಮ ಹಾಗೆ ಕೊನೆಗೇ ಬರುತ್ತದೆ. ಮಗು ‘ಐ ಪೊಟೇಟೊ ಬೈ’ ಅಂದರೆ ಅದು ‘ನಾನು ಆಲೂಗಡ್ಡೆ ಕೊಳ್ತೀನಿ’ಯ ಜಾಡು, ಅಷ್ಟೇ. ಉಚ್ಚಾರಣೆಯೂ ಹಾಗೆಯೇ. ನಾವು ಬಸ್ಸು, ಕಾರು, ಲೈಟು ಅಂತ ಕೊನೆಗೊಂದು ಸ್ವರ ಸೇರಿಸ್ತೀವಿ ಅಲ್ವಾ? ಅವರ ಬಾಯಲ್ಲಿ ಮಿಲ್ಕ್ ‘ಮಿರುಕು’ ಆಗುತ್ತದೆ. ಸುಮ್ನೆ ತಿದ್ದುತ್ತಾ ಕೂರಬೇಡಿ, ಚಪ್ಪಾಳೆ ತಟ್ಟಿಸಿ. ಮಿ-ರು-ಕುಗೆ ಮೂರು, ಮಿಲ್ಕ್‌ಗೆ ಒಂದೇ. ವ್ಯತ್ಯಾಸ ಕೈಗೆ ಗೊತ್ತಾದ ಮೇಲೆ ನಾಲಿಗೆಗೂ ದಾರಿ ಸಿಗುತ್ತದೆ.

ಇನ್ನು ಮೌನ. 2020ರಿಂದ ಅಲ್ಲಿ 5ನೇ ತರಗತಿಯಿಂದಲೇ ಇಂಗ್ಲಿಷ್ ಪೂರ್ಣ ಪಾಠವಿಷಯ, ಅಂದರೆ ಮಕ್ಕಳು ಸುಮ್ಮನಿರುವುದು ಏನೂ ಗೊತ್ತಿಲ್ಲದೆ ಅಲ್ಲ. ಉತ್ತರ ಗೊತ್ತಿದ್ದರೂ ಎಲ್ಲರೆದುರು ತಪ್ಪಾದರೆ ಅನ್ನುವ ಅಳುಕು ಜಾಸ್ತಿ. ಹಾಗಾಗಿ ಒಬ್ಬರನ್ನೇ ಎಬ್ಬಿಸಿ ಕೇಳಬೇಡಿ. ಇಬ್ಬಿಬ್ಬರನ್ನು ಜೋಡಿ ಮಾಡಿ. ಮೊದಲು ಕೇಳುವವರು ಯಾರು? ಜಾನ್‌ಕೆನ್ ಆಡಿ ತೀರ್ಮಾನಿಸಲಿ. ಕಲ್ಲು, ಕತ್ತರಿ, ಕಾಗದದ ಈ ಆಟ ಅಲ್ಲಿ ಎಲ್ಲ ಮಕ್ಕಳಿಗೂ ಗೊತ್ತು.

ನನಗೆ ಇಷ್ಟವಾದ ಪಾಠ ‘ಚಿರಾಶಿ’ಯದ್ದು. ಸೂಪರ್‌ಮಾರ್ಕೆಟ್‌ನವರು ಹಂಚುವ ಬಣ್ಣಬಣ್ಣದ ದರಪಟ್ಟಿ ಅದು. ಪುಕ್ಕಟೆ ಸಿಗುತ್ತದೆ. ಒಬ್ಬರ ಕೈಗೆ ಚಿರಾಶಿ ಕೊಡಿ. ಇನ್ನೊಬ್ಬರಿಗೆ ಕಾಗದದ 1000 ಯೆನ್ ಕೊಟ್ಟು, ನಾಲ್ಕು ಜನಕ್ಕೆ ಸಾಕಾಗುವಷ್ಟು ಕರಿ ಮಾಡೋಕೆ ಸಾಮಾನು ತನ್ನಿ ಅನ್ನಿ. ಚಿರಾಶಿ ತೋರಿಸುವಂತಿಲ್ಲ, ಬಾಯಲ್ಲೇ ಹೇಳಬೇಕು. ಕ್ಯಾರೆಟ್ ಎಷ್ಟು? ಈರುಳ್ಳಿ? ಮಾಂಸ ಕೊಂಡರೆ ದುಡ್ಡು ಸಾಲುತ್ತಾ? ಬೆಲೆ ಒಬ್ಬರಿಗೆ ಮಾತ್ರ ಗೊತ್ತು, ಬೇಕಿರುವುದು ಇನ್ನೊಬ್ಬರಿಗೆ. ಮಾತಾಡದೆ ವಿಧಿಯಿಲ್ಲ. ವ್ಯಾಕರಣ ಆಮೇಲೆ ನೋಡಿಕೊಳ್ಳೋಣ. ಆದರೆ ಜೊತೆಯ ಜಪಾನಿ ಶಿಕ್ಷಕರಿಗೆ ಹಿಂದಿನ ದಿನವೇ ತೋರಿಸಿಡಿ, ತರಗತಿ ಅವರದ್ದು.

ಇನ್ನೊಂದು ವಿಷಯ. ಯಾರಾದರೂ ‘ಐ ಲಿವ್ ಇನ್ ಎ ಮ್ಯಾನ್ಶನ್’ ಅಂದರೆ ಅರಮನೆ ಅಂದುಕೊಳ್ಳಬೇಡಿ. ಜಪಾನಿನಲ್ಲಿ ‘ಮಾನ್ಶೋನ್’ ಅಂದರೆ ಅಪಾರ್ಟ್‌ಮೆಂಟ್. ‘ಕೋನ್ಸೆಂಟೊ’ ಅಂದರೆ ಪ್ಲಗ್ ಹಾಕುವ ಸಾಕೆಟ್! ಇಂಥ ಪದ ಕಿವಿಗೆ ಬಿದ್ದಾಗ ಅರ್ಥ ಗೊತ್ತಿದ್ದರೂ ಗೊತ್ತಿಲ್ಲದವರಂತೆ ಕೇಳಿ. ಟೀಚರ್‌ಗೆ ಪಾಠ ಹೇಳುವ ಅವಕಾಶವನ್ನು ಯಾವ ಮಗು ತಾನೇ ಬಿಡುತ್ತದೆ?