ಆ್ಯಪ್‌ನ ಪಟ್ಟಿಯಲ್ಲಿ ಬೆಂಗಳೂರು ನೀಲಿ ಯಾಕಿಲ್ಲ?

ದೊಡ್ಡಬಳ್ಳಾಪುರದಿಂದ ನಂದಿ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ ಎರಡೂವರೆ ಎಕರೆಯ ಒಂದು ದ್ರಾಕ್ಷಿ ತೋಟ. ಕಲ್ಲು ಕಂಬ, ಕಂಬದ ಮೇಲೆ ತಂತಿ, ತಂತಿಯ ಮೇಲೆ ಬಳ್ಳಿ. ಚಪ್ಪರದ ಕೆಳಗೆ ಬಗ್ಗಿ ನಡೆಯಬೇಕು. ನಾನು ಹೋದಾಗ ಬೆಳಿಗ್ಗೆ ಹತ್ತು ಗಂಟೆ ದಾಟಿತ್ತು, ಆದರೂ ಎಲೆಗಳ ಅಡಿಭಾಗ ಒದ್ದೆ ಇತ್ತು. ತೋಟದ ನಡುವೆ ಒಂದು ಕಬ್ಬಿಣದ ಪೈಪು ಚಪ್ಪರ ದಾಟಿ ಮೇಲೆ ಹೋಗಿದೆ. ಅದರ ತುದಿಯಲ್ಲಿ ಪುಟ್ಟ ಸೋಲಾರ್ ಪ್ಯಾನೆಲ್, ಮಳೆ ಅಳೆಯುವ ಬಟ್ಟಲು. ಕೆಳಗೆ ಎಲೆಯ ಆಕಾರದ ತೆಳು ಹಲಗೆ. ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಅಂತ ಲೆಕ್ಕ ಇಡುವುದು ಅದೇ.

ತೋಟದ ಯಜಮಾನರು ಫೋನ್ ತೆಗೆದು, ಆ ಲೆಕ್ಕವನ್ನೂ ರೋಗದ ಎಚ್ಚರಿಕೆಯನ್ನೂ ಕೊಡುವ ಆ್ಯಪ್ ತೋರಿಸಿದರು. ತಳಿ ಯಾವುದು ಅಂತ ಕೇಳುವ ಜಾಗದಲ್ಲಿ ಥಾಮ್ಸನ್, ಸೊನಾಕ, ಶರದ್, ರೆಡ್ ಗ್ಲೋಬ್ ಅಂತ ಪಟ್ಟಿ ಉದ್ದಕ್ಕೆ ಹೋಗುತ್ತದೆ. ಕೊನೆಯಲ್ಲಿ 'ಇತರೆ'.

"ನಮ್ದು ಇತರೆ ಸಾರ್," ಅಂದರು.

ಅವರು ಬೆಳೆಯುವುದು ಬೆಂಗಳೂರು ನೀಲಿ. ಊರಿನ ಹೆಸರು ಹೊತ್ತ ಹಣ್ಣು. 2013ರಲ್ಲಿ ಜಿಐ ಟ್ಯಾಗ್, ಅಂದರೆ ಈ ಸೀಮೆಯ ಹಣ್ಣು ಅನ್ನುವ ಕಾನೂನಿನ ಗುರುತು ಪಡೆದ ಹಣ್ಣು. ಆ ಆ್ಯಪ್ ತಯಾರಾದದ್ದೂ ಬೆಂಗಳೂರಿನಲ್ಲೇ.

ದ್ರಾಕ್ಷಿ ಬೆಳೆಗಾರರ ಮುಂದೆ ಈಗ ಸಾಫ್ಟ್‌ವೇರ್‌ಗಳ ಸಂತೆಯೇ ಇದೆ. ರಫ್ತಿಗೆ ಒಂದು, ಸರ್ಕಾರದ ಸಹಾಯಧನಕ್ಕೆ ಇನ್ನೊಂದು, ಹವಾಮಾನಕ್ಕೆ ಮತ್ತೊಂದು. ಉಪಗ್ರಹದ ಚಿತ್ರ, ಎಲೆಯ ಫೋಟೋ ನೋಡಿ ರೋಗ ಹೇಳುವುದು, ಮಂಡಿ ದರ, ಎಲ್ಲದಕ್ಕೂ ಬೇರೆ ಬೇರೆ. ಯಾವುದು ಯಾರಿಗಾಗಿ ಹುಟ್ಟಿತು ಅನ್ನುವುದು ಕಲಸುಮೇಲೋಗರ ಆಗಿದೆ. ಸ್ವಲ್ಪ ಹಿಂದಿನಿಂದ ನೋಡಿದರೆ ಎಳೆ ಸಿಗುತ್ತದೆ.

ಈ ಸೀಮೆಗೆ ನೀಲಿ ದ್ರಾಕ್ಷಿ ಬಂದು ಸುಮಾರು 150 ವರ್ಷ ಆಯಿತು, 1959ರಲ್ಲಿ ತೋಟಗಾರಿಕೆ ತಜ್ಞ ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು, 1967ರಲ್ಲಿ ಹುಟ್ಟಿದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಆಮೇಲೆ ಬಂದು ಹೆಸರಘಟ್ಟದಲ್ಲಿ ನೆಲೆಯಾಯಿತು, 2007ರಲ್ಲಿ ರಾಜ್ಯಕ್ಕೆ ವೈನ್ ನೀತಿ ಬಂತು, 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು, ಅದರ ಸುತ್ತ ಎಷ್ಟೋ ತೋಟಗಳು ಲೇಔಟ್ ಆದವು. ಆ ಸಹಕಾರ ಸಂಘ ಯಾವುದು ಗೊತ್ತಾ? ನಮ್ಮ ಬೀದಿ ಬದಿಯ ಹಾಪ್‌ಕಾಮ್ಸ್. ಇವತ್ತು ಅಲ್ಲಿ ಸೌತೆಕಾಯಿ, ಸೇಬು ಎಲ್ಲ ಸಿಗುತ್ತದೆ. ಶುರುವಾದದ್ದು ಮಾತ್ರ ದ್ರಾಕ್ಷಿಗಾಗಿ. ಹೆಸರಘಟ್ಟದವರು ಬೆಂಗಳೂರು ನೀಲಿಯನ್ನೂ ಬ್ಲ್ಯಾಕ್ ಚಂಪಾವನ್ನೂ ಸೇರಿಸಿ ಅರ್ಕ ಶ್ಯಾಮ್ ಅನ್ನುವ ತಳಿ ಮಾಡಿದರು. ಅಂದರೆ ಆ ಕಾಲದಲ್ಲಿ ಸಂಘವಾಗಲಿ ಸಂಶೋಧನೆಯಾಗಲಿ, ನೀಲಿಯನ್ನು ಎದುರಿಗೆ ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದವು.

ಕಂಪ್ಯೂಟರ್ ಬಂದಾಗ ಕತೆ ಬೇರೆ ಕಡೆಯಿಂದ ಶುರುವಾಯಿತು.

2003ರಲ್ಲಿ ಭಾರತದಿಂದ ಯುರೋಪಿಗೆ ಹೋದ ದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆ ಜಾಸ್ತಿ ಇದೆ ಅಂತ ಗಲಾಟೆ ಆಯಿತು. ಯಾವ ತೋಟದ ಹಣ್ಣು, ಯಾವಾಗ ಯಾವ ಔಷಧಿ ಹೊಡೆದದ್ದು ಅಂತ ಹಿಂದಕ್ಕೆ ಹೋಗಿ ಹುಡುಕುವ ದಾರಿ ಇರಲಿಲ್ಲ. ಆಗ ರಫ್ತು ನೋಡಿಕೊಳ್ಳುವ ಅಪೆಡಾ ಸಂಸ್ಥೆ ಗ್ರೇಪ್‌ನೆಟ್ ಅನ್ನುವ ವೆಬ್ ವ್ಯವಸ್ಥೆ ತಂದಿತು. ಪ್ರತಿ ತೋಟಕ್ಕೂ ಒಂದು ನೋಂದಣಿ ಸಂಖ್ಯೆ. ಪ್ರಯೋಗಾಲಯದವರು ಹಣ್ಣಿನ ಮಾದರಿ ತೆಗೆದು ಪರೀಕ್ಷೆ ಮಾಡಿ, ಫಲಿತಾಂಶವನ್ನು ನೇರವಾಗಿ ಅದರಲ್ಲೇ ಹಾಕಬೇಕು. ಪಾಸಾದರೆ ಪ್ಯಾಕ್‌ಹೌಸ್, ಆಮೇಲೆ ಸರ್ಟಿಫಿಕೇಟು, ಆಮೇಲೆ ಹಡಗು. ಪೆಟ್ಟಿಗೆಯ ಮೇಲಿನ ಗುರುತು ಹಿಡಿದು ತೋಟದವರೆಗೆ ವಾಪಸ್ ಬರಬಹುದು. ನಮ್ಮ ದೇಶದಲ್ಲಿ ತಾಜಾ ಹಣ್ಣಿಗೆ ಇಂಥದ್ದು ಅದೇ ಮೊದಲು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಬೇರೆ ಬೆಳೆಗಳಿಗೂ ಅದೇ ಮಾದರಿ ಆಯಿತು.

ಆದರೆ 2010ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಕ್ಲೋರ್‌ಮೆಕ್ವಾಟ್ ಅನ್ನುವ ಬೆಳವಣಿಗೆ ನಿಯಂತ್ರಕದ ಉಳಿಕೆ ಇದೆ ಅಂತ ಯುರೋಪಿನಲ್ಲಿ ಹಣ್ಣು ತಡೆದರು. ಚಿಗುರಿನ ಓಟ ತಡೆದು ಕಾಯಿಕಣ್ಣು ಕಟ್ಟಲಿ ಅಂತ ಬೆಳೆಗಾರರು ವರ್ಷಗಳಿಂದ ಬಳಸುತ್ತಿದ್ದ ಔಷಧಿ ಅದು. ಇಲ್ಲಿ ಪರೀಕ್ಷೆ ಮಾಡಬೇಕಾದ ರಾಸಾಯನಿಕಗಳ ಪಟ್ಟಿಯಲ್ಲಿ ಅದರ ಹೆಸರು ಇರಲಿಲ್ಲ. ವ್ಯವಸ್ಥೆ ಕೇಳಿದ ಪ್ರಶ್ನೆಗೆಲ್ಲ ತೋಟದವರು ಉತ್ತರ ಕೊಟ್ಟಿದ್ದರು. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ, ಅಷ್ಟೇ. ನಷ್ಟ ಮಾತ್ರ ತೋಟದವರೆಗೂ ಬಂತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ದ್ರಾಕ್ಷಿಯ ಮೊದಲ ದೊಡ್ಡ ವೆಬ್ ಸಾಫ್ಟ್‌ವೇರ್ ಹುಟ್ಟಿದ್ದು ಕೊಳ್ಳುವವನ ಪ್ರಶ್ನೆಗೆ ಉತ್ತರ ಕೊಡಲಿಕ್ಕೆ. "ಈ ಹಣ್ಣು ತಿನ್ನಬಹುದಾ?" ಅನ್ನುವುದು ಅವನ ಪ್ರಶ್ನೆ. ಬೆಳೆಯುವವರ ಪ್ರಶ್ನೆ ಬೇರೆ. "ರಾತ್ರಿ ಮಳೆ ಬಂತು, ಬೆಳಿಗ್ಗೆ ಔಷಧಿ ಹೊಡೀಬೇಕಾ ಬೇಡ್ವಾ?" ಬೆಂಗಳೂರು ನೀಲಿ ಹೋಗುವುದು ಇಲ್ಲೇ ಮಂಡಿಗೆ, ಜ್ಯೂಸಿಗೆ, ವೈನಿಗೆ. ಯುರೋಪಿನವರು ಈ ಹಣ್ಣು ಕೇಳಲಿಲ್ಲ. ಹಾಗಾಗಿ ನೀಲಿಯ ತೋಟಗಳು ಆ ನೋಂದಣಿಯ ಹೊರಗೇ ಉಳಿದವು. ನಾಸಿಕ್, ಸಾಂಗ್ಲಿ, ವಿಜಯಪುರದ ಥಾಮ್ಸನ್ ತೋಟಗಳ ವಿವರ ವರ್ಷ ವರ್ಷ ಕಂಪ್ಯೂಟರಿಗೆ ಸೇರುತ್ತಾ ಹೋಯಿತು. ನಮ್ಮ ನೀಲಿಯದ್ದು ಗೋಡೆಯ ಕ್ಯಾಲೆಂಡರಿನಲ್ಲೇ ಇತ್ತು.

ಮುಂದೆ ಬಂದದ್ದು ಸ್ಟಾರ್ಟಪ್‌ಗಳ ಕಾಲ. 2010ರಲ್ಲಿ ಬೆಂಗಳೂರಿನಲ್ಲಿ ಕ್ರಾಪ್‌ಇನ್ ಶುರುವಾಯಿತು. ಅದು ಮುಖ್ಯವಾಗಿ ಬೀಜ, ಆಹಾರ ಕಂಪನಿಗಳಿಗೆ, ಬ್ಯಾಂಕುಗಳಿಗೆ ಹೊಲದ ಮಾಹಿತಿ ಕೊಡುವ ಸಾಫ್ಟ್‌ವೇರ್. 2016ರ ನಂತರ ಮೊಬೈಲ್ ಡೇಟಾ ಅಗ್ಗವಾಯಿತು, ಹಳ್ಳಿಹಳ್ಳಿಗೆ ವಾಟ್ಸಾಪ್ ಬಂತು. 2018ರಲ್ಲಿ ಇದೇ ಊರಲ್ಲಿ ಶುರುವಾದ ಫಸಲ್‌ನಂಥವರು ತೋಟದ ಒಳಗೇ ಸೆನ್ಸರ್ ನೆಟ್ಟು, ಬೆಳೆಗಾರರ ಫೋನಿಗೇ ಸಲಹೆ ಕಳಿಸಲು ಶುರು ಮಾಡಿದರು. ಬೆಳೆಯುವವರ ಪ್ರಶ್ನೆಗೆ ಕೊನೆಗೂ ಯಾರೋ ಕಿವಿಗೊಟ್ಟರು. ನನಗೆ ಆಗ ನಿಜವಾಗಿ ಖುಷಿಯಾಗಿತ್ತು. ಈಗಲೂ ಇದೆ.

ಯಾಕೆ ಅಂತ ಹೇಳುತ್ತೇನೆ. ದ್ರಾಕ್ಷಿಯ ದೊಡ್ಡ ಶತ್ರು ಡೌನಿ, ಅಂದರೆ ಬೂಜು ತುಪ್ಪಟ ರೋಗ. ಎಲೆಯ ಮೇಲೆ ಎಣ್ಣೆ ಬಿದ್ದ ಹಾಗೆ ಹಳದಿ ಕಲೆ, ತಿರುಗಿಸಿದರೆ ಅಡಿಯಲ್ಲಿ ಬಿಳಿ ಬೂಜು. ಈ ರೋಗ ಎಲೆಯೊಳಗೆ ಹೋಗಬೇಕಾದರೆ ಎಲೆಯ ಮೇಲೆ ನೀರಿನ ಪದರ ಇರಲೇಬೇಕು. ಎಷ್ಟು ಗಂಟೆ ಒದ್ದೆ, ಆಗ ಎಷ್ಟು ಬಿಸಿ ಅನ್ನುವುದು ಗೊತ್ತಾದರೆ, ರೋಗ ತಗಲಿರಬಹುದಾ ಇಲ್ಲವಾ ಅಂತ ಮುಂಚೆಯೇ ಅಂದಾಜು ಮಾಡಬಹುದು. ಕಲೆ ಕಾಣುವ ಹೊತ್ತಿಗೆ ರೋಗ ಒಳಗೆ ಹೋಗಿ ಹಲವು ದಿನ ಆಗಿರುತ್ತದೆ. ಎಲೆಯ ಫೋಟೋ ತೆಗೆದು ರೋಗ ಕಂಡುಹಿಡಿಯುವ ಆ್ಯಪ್‌ಗಳ ತೊಂದರೆಯೇ ಅದು. ಹೆಸರು ಸರಿಯಾಗಿ ಹೇಳುತ್ತವೆ, ಆದರೆ ತಡವಾಗಿ.

ಮುಂಚೆ ಹೇಳುವ ವಿದ್ಯೆ ಹೊಸದೇನಲ್ಲ. ಇಟಲಿಯಲ್ಲಿ 1947ರಲ್ಲೇ ಮೂರು ಹತ್ತುಗಳ ಲೆಕ್ಕ ಬಂದಿತ್ತು. ಉಷ್ಣತೆ 10 ಡಿಗ್ರಿ ಮೇಲಿರಬೇಕು, 10 ಮಿಲಿಮೀಟರ್ ಮಳೆ ಬಿದ್ದಿರಬೇಕು, ಚಿಗುರು 10 ಸೆಂಟಿಮೀಟರ್ ಆಗಿರಬೇಕು. ಮೂರೂ ಸೇರಿದರೆ ಹುಷಾರು. ಚಳಿ ದೇಶಕ್ಕೆ ಸರಿ. ನಮ್ಮಲ್ಲಿ 10 ಡಿಗ್ರಿಗಿಂತ ಕೆಳಗೆ ಹೋಗುವುದೇ ಅಪರೂಪ. ಅಂದರೆ ಮೂರು ಹತ್ತುಗಳಲ್ಲಿ ಮೊದಲನೆಯದು ವರ್ಷಪೂರ್ತಿ ಪಾಸ್. ಇನ್ನು ಚಿಗುರು. ಬೆಂಗಳೂರಿನ ಹವೆಯಲ್ಲಿ ನೀಲಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಒಬ್ಬರು ಬಳ್ಳಿ ಸವರಿದ, ಅಂದರೆ ಪ್ರೂನಿಂಗ್ ಮಾಡಿದ ತಿಂಗಳಿಗೆ ಪಕ್ಕದ ತೋಟದಲ್ಲಿ ಗೊಂಚಲು ಬಣ್ಣ ತಿರುಗುತ್ತಿರುತ್ತದೆ. ಹಾಗಾಗಿ ಯಾರ ತೋಟದಲ್ಲಿ ಚಿಗುರು ಎಷ್ಟಿದೆ ಅಂತ ತಿಂಗಳು ನೋಡಿ ಹೇಳಲಾಗದು. ಥಾಮ್ಸನ್ ಬೆಳೆಯುವ ಕಡೆ ಹಾಗಲ್ಲ. ಅಲ್ಲಿ ಏಪ್ರಿಲ್‌ನಲ್ಲಿ ಒಂದು ಪ್ರೂನಿಂಗ್, ಅಕ್ಟೋಬರ್ ಹೊತ್ತಿಗೆ ಇನ್ನೊಂದು, ಕೊಯ್ಲು ಒಂದೇ.

ಆ್ಯಪ್ ಕಟ್ಟುವವರು ಯಾವುದನ್ನು ಮೊದಲು ಹಿಡಿಯುತ್ತಾರೆ? ಎಲ್ಲಿ ತೋಟ ಜಾಸ್ತಿಯೋ, ಎಲ್ಲಿ ಹಳೆಯ ವಿವರ ಇದೆಯೋ, ಎಲ್ಲಿ ಎಕರೆಗೆ ಹಣ ಹಾಕಲು ರಫ್ತಿನ ಆಸೆ ಇದೆಯೋ ಅದನ್ನು. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಫಲ ಏನಾಯಿತು ಅಂತ ದೊಡ್ಡಬಳ್ಳಾಪುರದ ಆ ತೋಟದಲ್ಲಿ ನೋಡಿದೆ. 'ಇತರೆ' ಒತ್ತಿದ ಮೇಲೆ ಆ್ಯಪ್ ಅವರ ಬಳ್ಳಿಯನ್ನು ಥಾಮ್ಸನ್ ಅಂದುಕೊಂಡೇ ಮುಂದೆ ಹೋಗುತ್ತದೆ. ಒಂದೇ ವಾರದಲ್ಲಿ ಮೂರು ಸಲ ಚಿಬ್ಬು ರೋಗದ (ಎಲೆ, ಕಾಯಿಯ ಮೇಲೆ ಕಲೆ ಬೀಳುವ ಇನ್ನೊಂದು ರೋಗ) ಎಚ್ಚರಿಕೆ ಬಂದಿತ್ತು. ಬೆಂಗಳೂರು ನೀಲಿ ಚಿಬ್ಬು ರೋಗ ತಡೆದುಕೊಳ್ಳುವ ತಳಿ. ಅದಕ್ಕೆ ಹೆದರಿಕೆ ಡೌನಿಯದ್ದು. ಎಚ್ಚರಿಕೆ ನಂಬಿದರೆ ಸುಮ್ನೆ ಔಷಧಿ ಖರ್ಚು. ನಂಬದಿದ್ದರೆ ನಾಳೆ ಡೌನಿ ಬಗ್ಗೆ ಬರುವ ನಿಜವಾದ ಎಚ್ಚರಿಕೆಯೂ ಕಣ್ಣಿಗೆ ಬೀಳುವುದಿಲ್ಲ.

"ಅದು ಹೊಡ್ಕೊಳ್ತಾನೇ ಇರುತ್ತೆ ಸಾರ್. ನಾನು ಒದ್ದೆ ಗಂಟೆ ಒಂದೇ ನೋಡೋದು," ಅಂದರು ಯಜಮಾನರು. ಹಸಿರು, ಕೆಂಪು ಗುರುತುಗಳನ್ನು ಬಿಟ್ಟು, ಒಳಗಿನ ಪುಟಕ್ಕೆ ಹೋಗಿ ಎಲೆ ಎಷ್ಟು ಗಂಟೆ ಒದ್ದೆ ಇತ್ತು ಅಂತ ನೋಡುತ್ತಾರೆ. ಉಳಿದದ್ದು ಅವರ ಲೆಕ್ಕ. ಹಿಂದಿನ ರಾತ್ರಿ 11 ಗಂಟೆಯಷ್ಟು ಒದ್ದೆ ಅಂತ ತೋರಿಸುತ್ತಿತ್ತು. ಚಿಗುರು ಎಳೆಯದು. ಮಧ್ಯಾಹ್ನಕ್ಕೆ ಪಂಪು ಹೊರಡಿಸುತ್ತೇನೆ ಅಂದರು.

ಉಪಗ್ರಹದ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಅದರ ಮಾತೇ ಜಾಸ್ತಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಉಚಿತ, ಐದು ದಿನಕ್ಕೊಮ್ಮೆ ಹೊಸದು ಸಿಗುತ್ತದೆ. ಅದರಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಸರಿಸುಮಾರು ಒಂದು ಗುಂಟೆ. ಒಂದು ಎಕರೆ ತೋಟ ಅಂದರೆ 40 ಚುಕ್ಕಿ. ಅಂಚಿನ ಚುಕ್ಕಿಗಳಲ್ಲಿ ಪಕ್ಕದವರ ರಾಗಿಯೂ ಸೇರಿರುತ್ತದೆ. ಅದಕ್ಕಿಂತ ದೊಡ್ಡ ಅಡ್ಡಿ ಚಪ್ಪರ. ಮೇಲಿಂದ ನೋಡಿದರೆ ಹಸಿರು ಹಾಸಿಗೆ ಕಾಣುತ್ತದೆ. ಬೂಜು ಇರುವುದು ಎಲೆಯ ಅಡಿಗೆ, ಗೊಂಚಲು ಇರುವುದು ಚಪ್ಪರದ ಕೆಳಗೆ. ನೂರಾರು ಎಕರೆಯ ಕಂಪನಿ ತೋಟಕ್ಕೋ ವಿಮೆಯವರಿಗೋ ಈ ಚಿತ್ರ ಉಪಯೋಗಕ್ಕೆ ಬರುತ್ತದೆ. ಎರಡೂವರೆ ಎಕರೆಯವರು ಚಪ್ಪರದ ಕೆಳಗೆ ಒಂದು ಸುತ್ತು ಹಾಕಿದರೆ ಜಾಸ್ತಿ ತಿಳಿಯುತ್ತದೆ.

ಸರ್ಕಾರದ ಕಡೆಯಿಂದ ಏನೂ ಇಲ್ಲ ಅಂತಲ್ಲ. ಯಲಹಂಕದಲ್ಲಿರುವ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ರಾಜ್ಯದ ಪಂಚಾಯ್ತಿ ಪಂಚಾಯ್ತಿಗೂ ಮಳೆಮಾಪಕ ಇಟ್ಟಿದ್ದಾರೆ. ಇಷ್ಟು ದಟ್ಟವಾದ ಮಳೆ ಲೆಕ್ಕ ಬೇರೆ ರಾಜ್ಯಗಳಲ್ಲಿ ಅಪರೂಪ. 2019ರಲ್ಲಿ ಕೇಂದ್ರ ಸರ್ಕಾರದ ಮೇಘದೂತ್ ಹವಾಮಾನ ಆ್ಯಪ್ ಬಂತು, ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಕನ್ನಡದಲ್ಲೂ ಕೃಷಿ ಸಲಹೆ ಸಿಗುತ್ತದೆ. ಸಹಾಯಧನಕ್ಕೆ ರಾಜ್ಯದ ರೈತರ ನೋಂದಣಿ ತಾಣವಾದ ಫ್ರೂಟ್ಸ್ ಪೋರ್ಟಲ್ಲಿನ ಎಫ್‌ಐಡಿ ನಂಬರ್ ಬೇಕು. ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅದು ಬೇರೆ ಕತೆ. ಆದರೆ ಪಂಚಾಯ್ತಿಯ ಮಳೆ ಲೆಕ್ಕ ಒಂದು ಕಡೆ, ತೋಟದ ಸೆನ್ಸರ್ ಇನ್ನೊಂದು ಕಡೆ, ಸವರಿದ ತಾರೀಕು ಮತ್ತೊಂದು ಕಡೆ. ಮೂರನ್ನೂ ಕೂಡಿಸುವವರು ಬೆಳೆಗಾರರೇ, ತಲೆಯಲ್ಲೇ.

ಇನ್ನು ಮಾಹಿತಿ ಯಾರದ್ದು ಅನ್ನುವ ಪ್ರಶ್ನೆ. ಸೆನ್ಸರ್‌ಗೆ ದುಡ್ಡು ಕೊಟ್ಟವರು ಬೆಳೆಗಾರರು. ವಿವರ ಹೋಗಿ ಕೂರುವುದು ಕಂಪನಿಯ ಸರ್ವರಿನಲ್ಲಿ. ವಾರ್ಷಿಕ ಶುಲ್ಕ ಕಟ್ಟದಿದ್ದರೆ ಇಷ್ಟು ವರ್ಷದ ಒದ್ದೆ ಗಂಟೆಗಳ ಲೆಕ್ಕ ಕೈಗೆ ಸಿಗುತ್ತದಾ? ಆ ತೋಟದ ಆ್ಯಪ್‌ನಲ್ಲಿ ಹುಡುಕಿದೆವು. ಡೌನ್‌ಲೋಡ್ ಮಾಡುವ ಗುಂಡಿ ಕಾಣಲಿಲ್ಲ. 2023ರಲ್ಲಿ ಬಂದ ಮಾಹಿತಿ ರಕ್ಷಣೆ ಕಾಯ್ದೆ ವ್ಯಕ್ತಿಗೆ ಸಂಬಂಧಿಸಿದ ಮಾಹಿತಿಯ ಬಗ್ಗೆ. ಬಳ್ಳಿಯ ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಅನ್ನುವುದರ ಬಗ್ಗೆ ಅದು ನೇರವಾಗಿ ಏನೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಈ ಗುಂಡಿ ಮೊದಲು ಬರಬೇಕು, ಕೃತಕ ಬುದ್ಧಿಮತ್ತೆ ಆಮೇಲೆ ಬಂದರೂ ಆದೀತು. ನೀಲಿಯ ಬೆಳೆಗಾರರ ಕೈಗೆ ಅವರ ವಿವರ ಸಿಕ್ಕಿದರೆ, ಹತ್ತು ತೋಟದವರು ಸೇರಿ ತಮ್ಮ ತಳಿಗೆ ತಕ್ಕ ಲೆಕ್ಕ ಮಾಡಿಕೊಡಿ ಅಂತ ಹೆಸರಘಟ್ಟಕ್ಕೋ ಕೃಷಿ ವಿಶ್ವವಿದ್ಯಾಲಯ ಇರುವ ಜಿಕೆವಿಕೆಗೋ ಹೋಗಿ ಕೇಳಬಹುದು. 1959ರಲ್ಲಿ ಸಂಘ ಕಟ್ಟಲು ಸೇರಿದ್ದರು ಅಲ್ವಾ?

ಹೊರಡುವ ಮುಂಚೆ ಯಜಮಾನರು ಪಂಪ್‌ಹೌಸ್ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದ ಕ್ಯಾಲೆಂಡರ್ ತೋರಿಸಿದರು. ಪ್ರತಿ ತಾರೀಕಿನ ಚೌಕದಲ್ಲೂ ಪೆನ್ನಿನ ಗುರುತು. 'ಸ' ಅಂದರೆ ಸವರಿದ್ದು, 'ಮ' ಅಂದರೆ ಮಳೆ, 'ಬೋ' ಅಂದರೆ ಬೋರ್ಡೋ ದ್ರಾವಣ, ಮೈಲುತುತ್ತ ಮತ್ತು ಸುಣ್ಣದ ಔಷಧಿ. ಕೊಯ್ದ ದಿನದ ಪಕ್ಕದಲ್ಲಿ ಎಷ್ಟು ಕ್ರೇಟು, ಮಂಡಿಯಲ್ಲಿ ಏನು ರೇಟು. 2020ರ ಲಾಕ್‌ಡೌನ್ ಏಪ್ರಿಲ್‌ನಲ್ಲಿ ರೇಟಿನ ಜಾಗದಲ್ಲಿ ಬರೀ ಗೆರೆ. 2021ರ ನವೆಂಬರ್‌ನಲ್ಲಿ ಸಾಲು ಸಾಲಾಗಿ 'ಮ'. ಹಳೆಯ ಕ್ಯಾಲೆಂಡರ್‌ಗಳನ್ನು ಎಸೆದಿಲ್ಲ, ಗೊಬ್ಬರದ ಚೀಲದಲ್ಲಿ ಸುತ್ತಿಟ್ಟಿದ್ದಾರೆ. ಅವರ ಮಗಳು ಡಿಗ್ರಿ ಓದುತ್ತಿದ್ದಾಳೆ. ಭಾನುವಾರ ಭಾನುವಾರ ಕೂತು ಒಂದೊಂದೇ ಕ್ಯಾಲೆಂಡರ್ ಬಿಡಿಸಿ ಫೋನಿನ ಶೀಟಿನಲ್ಲಿ ತುಂಬುತ್ತಿದ್ದಾಳೆ. ತಳಿ ಅನ್ನುವ ಕಾಲಂನಲ್ಲಿ 'ಬೆಂಗಳೂರು ನೀಲಿ' ಅಂತಲೇ ಬರೆದಿದ್ದಾಳೆ. 2011ರಿಂದ ಶುರು ಮಾಡಿ ಸದ್ಯಕ್ಕೆ 2014ರ ಜುಲೈವರೆಗೆ ಬಂದಿದ್ದಾಳೆ.